ಜತ್ತದ ಹಳ್ಳಗಳಿಗೂ ಬೇಕು ಅಳತೆಯ ಪಟ್ಟಿ

ಸಾಂಗ್ಲಿ ಜಿಲ್ಲೆಯ ಪೂರ್ವದಂಚಿನ ಜತ್ತ ತಾಲ್ಲೂಕಿನ ದಿಬ್ಬದ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಡೋಣಿಯಾಗಿ ವಿಜಯಪುರ ಜಿಲ್ಲೆಯ ಎರೆ ಹೊಲಗಳ ನಡುವೆ ಡೊಂಕುಡೊಂಕಾಗಿ ಸಾಗಿ, ತಾಳಿಕೋಟೆಯ ಮಗ್ಗುಲಿಗೆ ಹಾಯ್ದು ಕೃಷ್ಣೆಯನ್ನು ಕೂಡುತ್ತದೆ. ಇನ್ನೊಂದು ಪಾಲು ಬೋರ್ ನದಿಯಾಗಿ ಸಂಖದ ಕಡೆಯಿಂದ ಹರಿದು ಭೀಮೆಗೆ ಸೇರುತ್ತದೆ. ಭೀಮೆ ಮತ್ತು ಕೃಷ್ಣೆ ಮತ್ತೆ ಒಂದಾಗುವುದು ದೂರದ ರಾಯಚೂರು ಜಿಲ್ಲೆಯಲ್ಲಿ. ಎರಡು ದೊಡ್ಡ ನದಿಗಳಿಗೆ ನೀರು ಕಳಿಸುವ ಈ ತಾಲ್ಲೂಕಿಗೇ ಬೇಸಿಗೆ ಬಂದರೆ ಟ್ಯಾಂಕರೇ ಗತಿ.

ಜತ್ತದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಐನೂರು ಮಿಲಿಮೀಟರಿನ ಆಸುಪಾಸು. ಅದೂ ಮುಂಗಾರಿನುದ್ದಕ್ಕೂ ಹದವಾಗಿ ಸುರಿಯುವುದಿಲ್ಲ. ಸೆಪ್ಟೆಂಬರಿನ ಯಾವುದೋ ಒಂದು ಸಂಜೆ ಮೋಡ ಕಟ್ಟಿ, ಗುಡುಗಿ, ಎರಡು ತಾಸು ಹೊಡೆದು ನಿಂತುಬಿಡುತ್ತದೆ. ನೆಲದಡಿಯಲ್ಲಿರುವುದು ದಖ್ಖನ್ನಿನ ಕರಿಗಲ್ಲು. ಮೇಲಿನ ಮಡ್ಡಿಯಲ್ಲಿ ಮಣ್ಣಿನ ಪದರ ತೆಳು, ತಗ್ಗಿನಲ್ಲಿ ಎರೆ ಮಣ್ಣು. ಮಡ್ಡಿಯ ಮೇಲೆ ನೀರು ನಿಲ್ಲದೆ ಓಡುತ್ತದೆ. ಎರೆ ಒಮ್ಮೆ ತೊಯ್ದು ಉಬ್ಬಿತೆಂದರೆ ಅದೂ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಮಧ್ಯಾಹ್ನ ಕುರಿ ದಾಟಿದ ಹಳ್ಳ ರಾತ್ರಿ ಎದೆಮಟ್ಟ ಹರಿದು, ಬೆಳಕು ಹರಿಯುವಷ್ಟರಲ್ಲಿ ಮತ್ತೆ ಪಾದ ತೊಯ್ಯುವಷ್ಟಕ್ಕೆ ಇಳಿದಿರುತ್ತದೆ. ಊರವರನ್ನು ಕೇಳಿದರೆ, “ಬಾಳ ಬಂದಿತ್ರಿ, ಗುಡಿ ಕಟ್ಟಿ ಮುಟ್ಟಿತ್ತು” ಎನ್ನುತ್ತಾರೆ. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೆರೆ ಇಳಿದ ಮೇಲೆ ಬರುವ ಎಂಜಿನಿಯರರೂ ಹುಡುಕುವುದು ಗೋಡೆಯ ಮೇಲಿನ ಕೆಸರಿನ ಗೆರೆಯನ್ನು, ಜಾಲಿಯ ಟೊಂಗೆಗೆ ಸಿಕ್ಕಿಕೊಂಡ ಕಸವನ್ನೇ. ಹಳ್ಳದ ಮೇಲೊಂದು ಕೆಳಗೊಂದು ಇಂಥ ಗುರುತು ಸಿಕ್ಕರೆ ನೀರಿನ ಮೈಯ ಇಳಿಜಾರು ತಿಳಿಯುತ್ತದೆ. ಹಳ್ಳದ ಅಡ್ಡಳತೆ, ತಳದ ಒರಟುತನಗಳನ್ನು ಅದಕ್ಕೆ ಕೂಡಿಸಿ, ಕಣ್ಣಿಗೆ ಕಾಣದೆ ಹರಿದುಹೋದ ನೀರನ್ನೂ ಅಂದಾಜು ಮಾಡಬಹುದು. ಆದರೆ ಗುಡಿ ಕಟ್ಟೆಯ ನೆನಪು ಒಂದು ತಲೆಮಾರಿನದು, ಕೆಸರಿನ ಗೆರೆ ಮುಂದಿನ ಮಳೆಯವರೆಗಿನದು. ಬರೆದಿಟ್ಟ ಅಂಕಿ ಬೇಕು.

ದೊಡ್ಡ ನದಿಗೆ ಅಂಥ ಅಂಕಿಯ ಆಸರೆ ಇದೆ. ಅದೇ ಸಾಂಗ್ಲಿ ಜಿಲ್ಲೆಯ ಪಶ್ಚಿಮಕ್ಕೆ ಹೋದರೆ, ಮಳೆಗಾಲದಲ್ಲಿ ಇಡೀ ಪಟ್ಟಣ ಒಂದು ಅಳತೆಯ ಮೇಲೆ ಕಣ್ಣಿಟ್ಟು ಕೂತಿರುತ್ತದೆ. 1929ರಲ್ಲಿ ಬಳಕೆಗೆ ಬಂದ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಮಟ್ಟವನ್ನು ಅಡಿಗಳಲ್ಲಿ ಓದುತ್ತಾರೆ. 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. ಸಾಂಗ್ಲಿಯ ತಗ್ಗು ಓಣಿಗಳ ಜನ ಸಾಮಾನು ಅಟ್ಟಕ್ಕೇರಿಸುವುದು, ದನ ಬಿಚ್ಚಿಕೊಂಡು ಹೊರಡುವುದು ಈ ಅಂಕಿ ಕೇಳಿ. 2019ರ ಆಗಸ್ಟಿನಲ್ಲಿ ಅಲ್ಲಿ ನೀರು 57 ಅಡಿ ದಾಟಿತು. ಊರಿಗೆ ಊರೇ ಮುಳುಗಿದ ಆ ದಿನಗಳಲ್ಲೂ ಅಪಾಯದ ಗೆರೆಗಿಂತ ಎಷ್ಟು ಮೇಲೆ ನಿಂತಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆದರೆ ಮಟ್ಟವೇ ಹರಿವಲ್ಲ. ಮಟ್ಟ ಅಡಿ ಅಥವಾ ಮೀಟರಿನಲ್ಲಿ, ಹರಿವು ಕ್ಯುಸೆಕ್ಕಿನಲ್ಲಿ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಇಪ್ಪತ್ತೆಂಟು ಲೀಟರ್ ಚಿಲ್ಲರೆ ನೀರು ದಾಟಿದರೆ ಒಂದು ಕ್ಯುಸೆಕ್. ಪಟ್ಟಿ ನೋಡಿ ಮಟ್ಟ ಹೇಳಲು ಓದು ಬಂದರೆ ಸಾಕು. ಆ ಮಟ್ಟಕ್ಕೆ ಎಷ್ಟು ನೀರು ಎಂದು ಹೇಳಲು ಯಾರಾದರೂ ನೀರಿಗಿಳಿಯಲೇಬೇಕು. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಲ್ಲಿ ನಡೆಯುವುದು ಈ ಕೆಲಸ. ಕೃಷ್ಣೆಯ ಮೇಲೆ ಸಾಂಗ್ಲಿಯ ಕೆಳಗೆ ಅರ್ಜುನವಾಡ ಮತ್ತು ಕುರುಂದವಾಡಗಳಲ್ಲಿ, ಮುಂದೆ ರಾಯಚೂರು ಸೀಮೆಯ ಹೂವಿನಹೆಡಗಿಯಲ್ಲಿ, ಭೀಮೆಯ ಮೇಲೆ ಯಾದಗಿರಿಯಲ್ಲಿ ಇಂಥ ಕೇಂದ್ರಗಳಿವೆ. ನದಿಯನ್ನು ಈ ದಂಡೆಯಿಂದ ಆ ದಂಡೆಯವರೆಗೆ ಇಪ್ಪತ್ತು ಇಪ್ಪತ್ತೈದು ಪಾಲು ಮಾಡಿಕೊಂಡು, ದೋಣಿಯಲ್ಲೋ ಸೇತುವೆಯಿಂದಲೋ ಪ್ರತಿ ಪಾಲಿನ ಆಳ ಅಳೆಯುತ್ತಾರೆ. ಆಮೇಲೆ ವೇಗಮಾಪಕವನ್ನು ಇಳಿಬಿಡುತ್ತಾರೆ. ಅದರ ತುದಿಯಲ್ಲಿ ಪುಟ್ಟ ಬಟ್ಟಲುಗಳ ಚಕ್ರ, ಹಿಂದೆ ಮೀನಿನ ಬಾಲದಂಥ ರೆಕ್ಕೆ. ನೀರು ಎಷ್ಟು ಜೋರಾಗಿ ನೂಕುತ್ತದೋ ಚಕ್ರ ಅಷ್ಟು ಸಲ ತಿರುಗುತ್ತದೆ, ಮೇಲಿದ್ದವರು ಸುತ್ತು ಎಣಿಸುತ್ತಾರೆ. ಆದರೆ ಎಷ್ಟು ಆಳಕ್ಕೆ ಬಿಡಬೇಕು? ತಳದ ನೀರು ಕಲ್ಲುಮಣ್ಣಿಗೆ ತಾಗಿ ನಿಧಾನ, ಮೇಲಿನದು ಚುರುಕು. ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗಿಳಿದರೆ ಸಿಗುವ ವೇಗ ಒಟ್ಟು ಸರಾಸರಿಗೆ ಹತ್ತಿರ ಎಂಬುದು ಬಹುಕಾಲದ ಅನುಭವ. ಆಳ ಹೆಚ್ಚಿದ್ದರೆ ಎರಡನೇ ಪಾಲಿನಲ್ಲಿ ಒಮ್ಮೆ, ಎಂಟನೇ ಪಾಲಿನಲ್ಲಿ ಒಮ್ಮೆ ಅಳೆದು ಸರಾಸರಿ ತೆಗೆಯುತ್ತಾರೆ. ಅಗಲ, ಆಳ, ವೇಗ ಗುಣಿಸಿ ಎಲ್ಲ ಪಾಲುಗಳನ್ನು ಕೂಡಿದರೆ ಆ ಹೊತ್ತಿನ ಹರಿವು ಕೈಗೆ ಬಂತು.

ಈ ಕಷ್ಟವನ್ನು ದಿನವೆಲ್ಲ ಪಡಲಾಗದು. ಅದಕ್ಕೇ ಕಡಿಮೆ ನೀರಿದ್ದಾಗ, ನಡುಮಟ್ಟದಲ್ಲಿ, ನೆರೆಯಲ್ಲಿ, ಹೀಗೆ ಹಲವು ಸಲ ಅಳೆದು ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧವನ್ನು ಒಂದು ಗೆರೆಯಾಗಿ ಎಳೆದಿಡುತ್ತಾರೆ. ಆಮೇಲೆ ಮಟ್ಟ ಓದಿದರೆ ಸಾಕು, ಗೆರೆ ನೋಡಿ ಹರಿವು ಹೇಳಬಹುದು. ಇಂದು ಸೇತುವೆಗಳ ಕೆಳಗೆ ಕೂತ ರಾಡಾರ್ ಪೆಟ್ಟಿಗೆಗಳು ನೀರಿನ ಮೈಗೆ ಅಲೆ ಹಾಯಿಸಿ, ಮರಳಿ ಬರುವ ಹೊತ್ತಿನಿಂದ ಮಟ್ಟ ಲೆಕ್ಕ ಹಾಕಿ, ಮೊಬೈಲ್ ಜಾಲ ಅಥವಾ ಉಪಗ್ರಹದ ಮೂಲಕ ಕಚೇರಿಗೆ ಕಳಿಸುತ್ತವೆ. ಅವೂ ಅಳೆಯುವುದು ಮಟ್ಟವನ್ನೇ, ಹರಿವು ಬರುವುದು ಮನುಷ್ಯ ಎಳೆದ ಗೆರೆಯಿಂದ. ಆ ಗೆರೆಯನ್ನೂ ಆಗಾಗ ತಿದ್ದಬೇಕಾಗುತ್ತದೆ. ಒಂದು ದೊಡ್ಡ ನೆರೆ ಬಂದು ತಳದ ಮರಳನ್ನು ಕೊಚ್ಚಿಕೊಂಡು ಹೋದರೆ ಅಥವಾ ಹೂಳು ತಂದು ಸುರಿದರೆ ಹಳೆಯ ಗೆರೆ ಸುಳ್ಳಾಗುತ್ತದೆ. ಅದೇ ಮಟ್ಟದಲ್ಲಿಯೂ ಏರುವ ನದಿ ಹೆಚ್ಚು ನೀರು ಒಯ್ಯುತ್ತದೆ, ಇಳಿಯುವ ನದಿ ಕಡಿಮೆ. ಕೆಳಗೆ ಅಣೆಕಟ್ಟಿನ ಹಿನ್ನೀರು ತಡೆದು ನಿಂತಿದ್ದರಂತೂ ಮಟ್ಟ ಮೇಲಿದ್ದರೂ ಹರಿವು ಮಂದವಾಗಿರಬಹುದು.

ಸಾಂಗ್ಲಿ ಮತ್ತು ಕೆಳಗೆ ಕರ್ನಾಟಕದಲ್ಲಿರುವ ಆಲಮಟ್ಟಿ ಅಣೆಕಟ್ಟಿನ ನಡುವಿನ ಇಡೀ ಜಗಳ ಈ ಕೊನೆಯ ಸಂಗತಿಯ ಮೇಲೆ ನಿಂತಿದೆ. ಆಲಮಟ್ಟಿಯಲ್ಲಿ ನೀರು ಹಿಡಿದಿಟ್ಟಿದ್ದರಿಂದಲೇ ನಾವು ಮುಳುಗಿದೆವು ಎಂದು ಮೇಲಿನವರು, ಬಂದಷ್ಟೂ ಬಿಟ್ಟಿದ್ದೇವೆ ಎಂದು ಕೆಳಗಿನವರು. 2019ರ ನೆರೆಯಲ್ಲಿ ಆಲಮಟ್ಟಿಯ ಹೊರಹರಿವು 5 ಲಕ್ಷ ಕ್ಯುಸೆಕ್ ದಾಟಿತ್ತು. ಒಂದು ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಐದು ಲಕ್ಷಕ್ಕೆ ದಿನಕ್ಕೆ 43 ಟಿಎಂಸಿ. 519.6 ಮೀಟರಿಗೆ ತುಂಬಿದ ಆಲಮಟ್ಟಿಯ ಸಂಗ್ರಹವೇ 123 ಟಿಎಂಸಿ. ಅಂದರೆ ಪೂರ್ಣ ಜಲಾಶಯದ ಮೂರನೇ ಒಂದಕ್ಕಿಂತ ಹೆಚ್ಚು ನೀರು ಒಂದೇ ದಿನದಲ್ಲಿ ಆ ಗೇಟುಗಳನ್ನು ದಾಟಿದೆ. ಆ ನೆರೆಯ ಅಧ್ಯಯನಕ್ಕೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ, ಆಲಮಟ್ಟಿ ಮತ್ತು ಹಿಪ್ಪರಗಿ ಬ್ಯಾರೇಜು ಕಾರಣವಲ್ಲ ಎಂಬ ನಿಲುವಿಗೆ ಬಂತು. ಆದರೂ ಅನುಮಾನ ತೀರಿಲ್ಲ. ತೀರಬೇಕಾದರೆ ಆಯರ್ವಿನ್ ಸೇತುವೆ, ಅರ್ಜುನವಾಡ, ಕುರುಂದವಾಡ, ರಾಜಾಪುರ ಬಾಂದಾರ, ಹಿಪ್ಪರಗಿ, ಆಲಮಟ್ಟಿ, ಇವೆಲ್ಲವುಗಳ ಮಟ್ಟವನ್ನು ಒಂದೇ ಗಳಿಗೆಗೆ ಓದಿ, ನೀರಿನ ಮೈಯ ಇಳಿಜಾರನ್ನು ಎರಡೂ ರಾಜ್ಯದ ಜನರ ಮುಂದೆ ಇಡಬೇಕು. ಹಿನ್ನೀರು ಎಲ್ಲಿಯವರೆಗೆ ತಲುಪಿದೆ ಎಂಬುದು ಆ ಇಳಿಜಾರಿನಲ್ಲೇ ಕಾಣುತ್ತದೆ. ಗಡಿಯ ಎರಡೂ ಬದಿಯಲ್ಲಿ ಬಳಗ ಇರುವವರಿಗೆ ಇದು ರಾಜಕೀಯದ ಪ್ರಶ್ನೆಯಲ್ಲ, ಯಾವ ರಾತ್ರಿ ಮನೆ ಬಿಡಬೇಕು ಎಂಬ ಪ್ರಶ್ನೆ.

ನೀರನ್ನು ಅಳೆದು ಬರೆಯುವುದು ಹಳೆಯ ಕೆಲಸ. ಕೈರೋದ ರೋಡಾ ದ್ವೀಪದಲ್ಲಿ 861ರಲ್ಲಿ ಕಟ್ಟಿದ ನೈಲ್ ನದಿಯ ಅಳತೆಗಂಬ ಇಂದಿಗೂ ನಿಂತಿದೆ. ನೈಲ್ ಎಷ್ಟು ಏರಿತು ಎಂಬುದರ ಮೇಲೆ ಆ ವರ್ಷದ ಬೆಳೆ, ಬೆಳೆಯ ಮೇಲೆ ಕಂದಾಯ. ಅಮೆರಿಕದ ಭೂವೈಜ್ಞಾನಿಕ ಇಲಾಖೆ ತನ್ನ ಮೊದಲ ಮಾಪನ ಕೇಂದ್ರವನ್ನು 1889ರಲ್ಲಿ ನ್ಯೂ ಮೆಕ್ಸಿಕೊದ ಎಂಬುಡೊದಲ್ಲಿ ತೆರೆಯಿತು. ಅದು ತುಂಬಿ ಹರಿಯುವ ಸೀಮೆಯಲ್ಲ, ಒಣನಾಡು. ಒಣನೆಲಕ್ಕೆ ನೀರಾವರಿ ಕೊಡಬಹುದೇ ಎಂದು ತಿಳಿಯಲು ಮೊದಲು ಎಷ್ಟು ನೀರಿದೆ ಎಂದು ತಿಳಿಯಬೇಕಲ್ಲ, ಅದಕ್ಕಾಗಿ. ಜತ್ತದ ಮಟ್ಟಿಗೆ ನನಗೆ ರೋಡಾಕ್ಕಿಂತ ಈ ಎಂಬುಡೊ ಹತ್ತಿರದ್ದಾಗಿ ಕಾಣುತ್ತದೆ.

ನಮ್ಮಲ್ಲಿ ಅಳತೆ ಎಷ್ಟು ದೂರದ್ದು ನೋಡಿ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣೆಯ ನೀರು ಹಂಚುವಾಗ ಆಧಾರವಾದದ್ದು ವಿಜಯವಾಡದ ಅಣೆಯ ಬಳಿ 1894–95ರಿಂದ ಕೂಡಿಬಂದ 78 ವರ್ಷಗಳ ಲೆಕ್ಕ. ನೂರು ವರ್ಷದಲ್ಲಿ 75 ವರ್ಷ ನೆಚ್ಚಬಹುದಾದ ನೀರು 2060 ಟಿಎಂಸಿ ಎಂದು ಅದರಿಂದ ತೀರ್ಮಾನವಾಯಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಬಂತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 1961ರಿಂದ 2008ರವರೆಗಿನ 47 ವರ್ಷದ ಅಂಕಿ ಹಿಡಿದು, 65 ವರ್ಷ ನೆಚ್ಚಬಹುದಾದ ನೀರಿನ ಲೆಕ್ಕಕ್ಕೆ ಇಳಿದು, 2293 ಟಿಎಂಸಿ ಎಂದಿತು. ನದಿ ಸಮುದ್ರಕ್ಕೆ ಸಮೀಪಿಸುವ ಊರಿನಲ್ಲಿ ಬರೆದ ಅಂಕಿಯೇ ನೆತ್ತಿಯ ಜತ್ತಕ್ಕೆ ಸಿಗುವ ಪಾಲನ್ನೂ ನಿರ್ಧರಿಸುತ್ತದೆ. ಡೋಣಿಯ, ಬೋರಿನ ನೀರು ಆ ಮೊತ್ತದೊಳಗೆ ಕರಗಿದೆ, ಅವುಗಳ ಪಾಲು ಎಷ್ಟೆಂದು ಅಲ್ಲಿ ಬಿಡಿಯಾಗಿ ಕಾಣುವುದಿಲ್ಲ.

ಜತ್ತಕ್ಕೆ ಹೊರಗಿನ ನೀರು ಬರುವುದು ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯಿಂದ ಹಂತಹಂತವಾಗಿ ಎತ್ತುವ ಏತ ನೀರಾವರಿಯಿಂದ. ತಾಲ್ಲೂಕಿನ ಪೂರ್ವದ ಕನ್ನಡ ಹಳ್ಳಿಗಳು ಬಹುಕಾಲ ಅದರ ಅಂಚಿನ ಹೊರಗೇ ಉಳಿದವು. ನೀರು ಕೊಡಿ, ಇಲ್ಲವಾದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಇಲ್ಲಿನ ನಲವತ್ತರಷ್ಟು ಪಂಚಾಯಿತಿಗಳು ಹಿಂದೆ ಠರಾವು ಮಾಡಿದ್ದನ್ನು 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎತ್ತಿ ಆಡಿದಾಗ ದೇಶವೆಲ್ಲ ಜತ್ತದ ಹೆಸರು ಕೇಳಿತು. ಮುಂದಿನ ದಿನಗಳಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕೋಂಡಿ ಕೆರೆಗೆ ಬಂತು. ಮಹಾರಾಷ್ಟ್ರ ಸರ್ಕಾರ ಸುಮಾರು ಎರಡು ಸಾವಿರ ಕೋಟಿ ರೂಪಾಯಿಯ ವಿಸ್ತರಿತ ಮ್ಹೈಸಾಳ ಯೋಜನೆಗೆ ಚಾಲನೆ ಕೊಟ್ಟಿತು. ಇದರ ಜೊತೆಗೇ ಹಳೆಯದೊಂದು ಮಾತುಕತೆ ಇದೆ. ಬೇಸಿಗೆಯಲ್ಲಿ ಮಹಾರಾಷ್ಟ್ರ ಕೊಯ್ನಾ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟರೆ ಕರ್ನಾಟಕ ಹಣ ಕೊಡುವ ಬದಲು ಜತ್ತಕ್ಕೆ ನೀರನ್ನೇ ಕೊಡಲಿ ಎಂಬುದು. ನನಗಿದು ಒಳ್ಳೆಯ ಯೋಚನೆ ಎನಿಸುತ್ತದೆ. ಆದರೆ ಕೊಯ್ನಾದಲ್ಲಿ ಬಿಟ್ಟದ್ದೆಷ್ಟು, ದಾರಿಯ ಪಂಪ್‌ಸೆಟ್ಟುಗಳು ಎತ್ತಿದ ಮೇಲೆ ರಾಜಾಪುರ ದಾಟಿದ್ದೆಷ್ಟು, ತಿಕೋಂಡಿಗೆ ಮುಟ್ಟಿದ್ದೆಷ್ಟು ಎಂಬ ಮೂರು ಅಂಕಿಗಳನ್ನು ಎರಡೂ ಕಡೆಯವರು ಒಪ್ಪದಿದ್ದರೆ ಮೊದಲ ಬೇಸಿಗೆಯಲ್ಲೇ ಅದು ಮುರಿದುಬೀಳುತ್ತದೆ.

ಈ ಗದ್ದಲದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆ: ಜತ್ತದ ಸ್ವಂತ ನೀರು ಎಷ್ಟು? ಮಳೆಯ ರಾತ್ರಿ ಡೋಣಿಗೆ, ಬೋರಿಗೆ ಇಳಿದು ಹೋಗುವುದು ಎಷ್ಟು? ಸಂಖ, ದೊಡ್ಡನಾಲಾ ಎಂಬ ಎರಡು ಮಧ್ಯಮ ಜಲಾಶಯಗಳು ತಾಲ್ಲೂಕಿನಲ್ಲಿವೆ, ಅವುಗಳಲ್ಲಿ ಎಷ್ಟು ನೀರು ನಿಂತಿದೆ ಎಂಬುದು ದಾಖಲಾಗುತ್ತದೆ. ನಿಲ್ಲದೆ ಹೋದದ್ದರ ಲೆಕ್ಕ ಬೇರೆ. ಕೃಷ್ಣೆಯ ಮೇಲಿರುವಷ್ಟು ದಟ್ಟವಾದ ಅಳತೆಯ ಜಾಲ ಇಂಥ ಸಣ್ಣ ಹೊಳೆಗಳಿಗೆ ಇಲ್ಲ. ದೊಡ್ಡ ನದಿಯ ಪದ್ಧತಿಯನ್ನು ಹಾಗೇ ತಂದರೂ ಇಲ್ಲಿ ನಡೆಯದು. ಬೆಳಿಗ್ಗೆ 8 ಗಂಟೆಗೆ ಪಟ್ಟಿ ಓದುವುದು ದಿನಗಟ್ಟಲೆ ಏರಿ ಇಳಿಯುವ ಕೃಷ್ಣೆಗೆ ಸರಿ. ರಾತ್ರಿ ಹತ್ತಕ್ಕೆ ಬಂದು ನಾಲ್ಕಕ್ಕೆ ಇಳಿದ ಹಳ್ಳದ ಬಗ್ಗೆ ಎಂಟು ಗಂಟೆಯ ಓದು ಹೇಳುವುದು ಬರೀ ಸೊನ್ನೆ. ಇನ್ನು ಡೋಣಿಯ ತಳವೋ ವರ್ಷವರ್ಷ ಹೂಳಿನಿಂದ ಮೇಲೇಳುತ್ತದೆ. ಆ ಹೂಳಿನಿಂದಾಗಿಯೇ ಅದು ಕೆಳಗಿನ ಊರುಗಳಲ್ಲಿ ದಂಡೆ ಬಿಟ್ಟು ಹೊಲಕ್ಕೆ ನುಗ್ಗುವುದು, ತಾಳಿಕೋಟೆ ಬಳಿಯ ಹಡಗಿನಾಳ ಸೇತುವೆ ಮುಳುಗುವುದು. ಜತ್ತದಲ್ಲಿ ಮಳೆಯಾದ ಸುದ್ದಿ ಹರಿವಿನ ಅಂಕಿಯಾಗಿ ಸಮಯಕ್ಕೆ ಸಿಕ್ಕರೆ ಕೆಳಗಿನವರಿಗೆ ಕೆಲವು ತಾಸು ಮೊದಲೇ ಎಚ್ಚರಿಕೆ ಸಿಗುತ್ತದೆ. ಅಂಥ ಹೊತ್ತಿನಲ್ಲಿ ರಾಜ್ಯದ ಗಡಿ ಅಡ್ಡ ಬರಬಾರದು.

ದುಬಾರಿ ಉಪಕರಣ ಬರುವವರೆಗೆ ಕಾಯಬೇಕಾಗಿಲ್ಲ. ಹರಿವಿನ ನೆತ್ತಿಯನ್ನು ಹಿಡಿಯುವ ಸಾಧನವೊಂದಿದೆ, ಒಣನಾಡುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಎರಡಂಗುಲದ ಕಬ್ಬಿಣದ ಪೈಪನ್ನು ಹಳ್ಳದ ದಂಡೆಯಲ್ಲೋ ಸೇತುವೆಯ ಕಂಬಕ್ಕೋ ನೆಟ್ಟಗೆ ಬಿಗಿಯುವುದು. ಕೆಳಗೆ ನೀರು ನುಗ್ಗಲು ತೂತು, ಮೇಲೆ ಗಾಳಿ ಹೋಗಲು ತೂತು. ಒಳಗೆ ಒಂದು ಮರದ ಪಟ್ಟಿ, ತಳದಲ್ಲಿ ಒಂದು ಹಿಡಿ ಕಾರ್ಕ್ ಪುಡಿ. ಹಳ್ಳ ಬಂದಾಗ ಪೈಪಿನೊಳಗೂ ನೀರು ಏರುತ್ತದೆ, ಕಾರ್ಕ್ ಪುಡಿ ತೇಲುತ್ತ ಏರುತ್ತದೆ. ನೀರು ಇಳಿಯುವಾಗ ಪುಡಿ ಪಟ್ಟಿಗೆ ಅಂಟಿಕೊಂಡು ಅತಿ ಮೇಲಿನ ಮಟ್ಟದಲ್ಲಿ ಗೆರೆ ಉಳಿಸುತ್ತದೆ. ಮರುದಿನ ಯಾರಾದರೂ ಹೋಗಿ ಮುಚ್ಚಳ ತಿರುಗಿಸಿ, ಪಟ್ಟಿ ಎಳೆದು, ಟೇಪು ಹಿಡಿದು, ಬರೆದುಕೊಂಡು, ಗೆರೆ ಒರೆಸಿ ಮತ್ತೆ ಇಟ್ಟು ಬಂದರಾಯಿತು. ಕತ್ತಲಲ್ಲಿ ಹಳ್ಳದ ದಂಡೆಗೆ ಯಾರೂ ಹೋಗಬೇಕಿಲ್ಲ.

ಮಟ್ಟದಿಂದ ಹರಿವಿಗೆ ಹೋಗಲೂ ಇಲ್ಲಿ ಒಂದು ಅನುಕೂಲವಿದೆ. ಹಳ್ಳಗಳಿಗೆ ಈಗಾಗಲೇ ಸಾಲುಸಾಲು ಬಾಂದಾರ, ಸಿಮೆಂಟ್ ವಡ್ಡು ಕಟ್ಟಿದ್ದಾರೆ. ತಳ ಬದಲಾಗುವ ಹಳ್ಳದಲ್ಲಿ ವಡ್ಡಿನ ನೆತ್ತಿ ಮಾತ್ರ ಬದಲಾಗುವುದಿಲ್ಲ. ವಡ್ಡಿನ ಮೇಲೆ ನೀರು ಎಷ್ಟು ದಪ್ಪ ಹರಿಯಿತು ಎಂದು ತಿಳಿದರೆ ಹರಿವು ಲೆಕ್ಕಕ್ಕೆ ಸಿಗುತ್ತದೆ. 30 ಮೀಟರ್ ಉದ್ದದ ಕೋಡಿಯ ಮೇಲೆ 30 ಸೆಂಟಿಮೀಟರ್ ನೀರು ಸಲೀಸಾಗಿ ಧುಮುಕುತ್ತಿದ್ದರೆ, ಸೆಕೆಂಡಿಗೆ ಸುಮಾರು ಎಂಟೂಕಾಲು ಘನ ಮೀಟರ್, ಮುನ್ನೂರು ಕ್ಯುಸೆಕ್ಕಿಗೆ ತುಸು ಕಡಿಮೆ. ವಡ್ಡಿಲ್ಲದ ಕಡೆ ಹಗಲು ಹಳ್ಳ ಬಂದರೆ ತೇಲುವ ಕಟ್ಟಿಗೆಯ ತುಂಡೇ ಸಾಕು. 12 ಮೀಟರ್ ಅಗಲ, ಸರಾಸರಿ ಅರ್ಧ ಮೀಟರ್ ಆಳದ ಹಳ್ಳದಲ್ಲಿ ತುಂಡು 30 ಮೀಟರ್ ದಾಟಲು 20 ಸೆಕೆಂಡ್ ತೆಗೆದುಕೊಂಡಿತು ಎಂದಿಟ್ಟುಕೊಳ್ಳಿ. ಮೇಲ್ಮೈಯ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ತಳದ ನಿಧಾನಕ್ಕೆಂದು ಅದರಲ್ಲಿ ನೂರಕ್ಕೆ 85 ಪಾಲು ಮಾತ್ರ ಹಿಡಿದರೂ ಸೆಕೆಂಡಿಗೆ ಏಳೂವರೆ ಘನ ಮೀಟರಿಗೂ ಮೀರಿದ ನೀರು. ಒಂದೇ ತಾಸಿಗೆ ಎರಡೂ ಮುಕ್ಕಾಲು ಕೋಟಿ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ಸಲ ಬಂದುಹೋಗಬೇಕು ಅಷ್ಟು ನೀರು ತರಲು. ಕೊಡ ಹಿಡಿದು ಟ್ಯಾಂಕರಿನ ಮುಂದೆ ನಿಂತವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಳೆಯದೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಮಹಾರಾಷ್ಟ್ರದಲ್ಲಿ 2014ರ ಕೊನೆಗೆ ಶುರುವಾದ ಜಲಯುಕ್ತ ಶಿವಾರ ಅಭಿಯಾನದಲ್ಲಿ ಸಾವಿರಾರು ಹಳ್ಳಿಗಳಲ್ಲಿ ವಡ್ಡು ಕಟ್ಟಿದರು, ಹಳ್ಳ ಅಗಲಿಸಿದರು, ಹೂಳು ತೆಗೆದರು. ಸುಮಾರು 9,600 ಕೋಟಿ ರೂಪಾಯಿ ವೆಚ್ಚವಾದರೂ ಅಂತರ್ಜಲ ಏರಿದ್ದು ಕಾಣುವುದಿಲ್ಲ ಎಂದು 2020ರಲ್ಲಿ ಮಹಾಲೇಖಪಾಲರ ವರದಿ ಹೇಳಿತು. ಉಪಯೋಗವಾಯಿತು ಎನ್ನುವ ರೈತರೂ ಇದ್ದಾರೆ, ಅವರ ಬಾವಿ ನೋಡಿದರೆ ಅದೂ ನಿಜವೇ. ಆದರೆ ವಡ್ಡು ಕಟ್ಟುವ ಮೊದಲು ಹಳ್ಳದಲ್ಲಿ ಎಷ್ಟು ನೀರು ಹೋಗುತ್ತಿತ್ತು, ಕಟ್ಟಿದ ಮೇಲೆ ಎಷ್ಟು ನಿಂತಿತು ಎಂಬ ಅಂಕಿ ಪ್ರತಿ ಹಳ್ಳಿಯಲ್ಲಿದ್ದಿದ್ದರೆ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ಒಂದು ಹಳ್ಳಕ್ಕೆ ಎಷ್ಟು ವಡ್ಡು ಸಾಕು, ಮೇಲಿನ ಊರು ಹಿಡಿದಿಟ್ಟರೆ ಕೆಳಗಿನ ಕೆರೆಗೆ ಏನುಳಿಯುತ್ತದೆ ಎಂಬುದನ್ನೂ ಆ ಅಂಕಿಯೇ ಹೇಳುತ್ತಿತ್ತು.

ಜತ್ತದ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ, ವಿಜ್ಞಾನದ ಮೇಷ್ಟ್ರಿದ್ದಾರೆ, ಪಂಚಾಯಿತಿಗಳಿವೆ. ಮೊದಲು ಸಂಖ ಮತ್ತು ದೊಡ್ಡನಾಲಾಕ್ಕೆ ನೀರು ತರುವ ಹಳ್ಳಗಳಲ್ಲಿ, ಡೋಣಿಯಲ್ಲಿ ಗಡಿ ದಾಟುವ ಮುಂಚಿನ ಸೇತುವೆಯಲ್ಲಿ, ಬೋರಿನಲ್ಲಿ ಕೊನೆಯ ಬಾಂದಾರದಲ್ಲಿ ಪಟ್ಟಿ ಬರೆದು ಪೈಪು ಬಿಗಿಯಬಹುದು. ಜೊತೆಗೊಂದು ಮಳೆಮಾಪಕ. ಓದುವವರಿಗೆ ಪಂಚಾಯಿತಿ ಸಂಬಳ ಕೊಡಲಿ, ಬಿಟ್ಟಿ ಕೆಲಸ ಒಂದು ಮಳೆಗಾಲದಾಚೆ ನಡೆಯುವುದಿಲ್ಲ. ಅಂಕಿ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡ ಮರಾಠಿ ಎರಡರಲ್ಲೂ ಇರಲಿ, ವಿಜಯಪುರ ಜಿಲ್ಲಾಡಳಿತಕ್ಕೂ ಹೋಗಲಿ. ವರ್ಷಕ್ಕೊಮ್ಮೆ ಜಲಸಂಪನ್ಮೂಲ ಇಲಾಖೆಯವರು ಬಂದು ವೇಗಮಾಪಕ ಇಳಿಸಿ ಗೆರೆಯನ್ನು ತಿದ್ದಿಕೊಡಲಿ.

ಇದನ್ನು ಈಗಲೇ ಮಾಡಬೇಕೆನ್ನಲು ಕಾರಣವಿದೆ. ವಿಸ್ತರಿತ ಮ್ಹೈಸಾಳದ ನೀರು ಪೂರ್ವದ ಹಳ್ಳಿಗಳ ಕೆರೆಗಳಿಗೆ, ನಾಲೆಗಳಿಗೆ ಬಂದು ಬಿದ್ದ ದಿನದಿಂದ ಹಳ್ಳದಲ್ಲಿ ಹರಿಯುವುದರಲ್ಲಿ ಮಳೆಯದೆಷ್ಟು, ಕೃಷ್ಣೆಯದೆಷ್ಟು ಎಂದು ಬೇರೆ ಮಾಡುವುದು ಕಷ್ಟವಾಗುತ್ತದೆ. ತುಂಬಿದ ಕೆರೆಯ ಕೋಡಿಯೂ ಬೇರೆ, ಬಾವಿಯ ಮಟ್ಟವೂ ಬೇರೆ. ಪಂಪಿನ ಕರೆಂಟ್ ಬಿಲ್ಲು ಯಾರು ಕಟ್ಟಬೇಕು, ಯಾವ ಊರಿಗೆ ಎಷ್ಟು ನೀರು ಬಾಕಿ ಎಂಬ ಜಗಳ ಶುರುವಾದಾಗ, ಈ ಊರಿನ ಹಳ್ಳ ತನ್ನ ಪಾಡಿಗೆ ಎಷ್ಟು ಕೊಡುತ್ತಿತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೊರಗಿನ ನೀರು ಬರುವ ಮುಂಚಿನ ಎರಡು ಮೂರು ಮಳೆಗಾಲದ ಲೆಕ್ಕವಾದರೂ ಆ ಹೊತ್ತಿಗೆ ಪಂಚಾಯಿತಿಯ ಪುಸ್ತಕದಲ್ಲಿ ಇರಬೇಕು.